ಒಂದು ಕಾಲಕ್ಕೆ ಸರ್ಬರ ರಾಜಧಾನಿ, ಈಗ ಎಂಟು ಸಾವಿರ ಜನ: ಸ್ರೆಮ್ಸ್ಕಿ ಕಾರ್ಲೋವ್ಸಿ ಯಾಕೆ ಬೆಳೆಯಲಿಲ್ಲ?

ನಕ್ಷೆಹುಚ್ಚ:
ಯುರೋಪಿನ ಇತಿಹಾಸ ಓದುವಾಗ 1699ರ ಕಾರ್ಲೋವಿಟ್ಸ್ ಒಪ್ಪಂದ ಅಂತ ಒಂದು ಬಂದೇ ಬರುತ್ತದೆ. ಓಟೊಮನ್ ತುರ್ಕರು ಹಂಗೇರಿಯ ಬಹುಭಾಗ, ಟ್ರಾನ್ಸಿಲ್ವೇನಿಯಾ ಎಲ್ಲ ಬಿಟ್ಟುಕೊಟ್ಟ ಒಪ್ಪಂದ ಅದು. ಆ ಊರು ಈಗ ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿದರೆ ಸರ್ಬಿಯಾದ ಉತ್ತರಕ್ಕೆ, ಡ್ಯಾನ್ಯೂಬ್ ದಂಡೆಯ ಮೇಲೆ, ನೋವಿ ಸಾದ್ ನಗರದ ಪಕ್ಕದಲ್ಲೇ ಸ್ರೆಮ್ಸ್ಕಿ ಕಾರ್ಲೋವ್ಸಿ ಅಂತ ಸಿಗುತ್ತದೆ. 2022ರ ಜನಗಣತಿಯಲ್ಲಿ ಜನ ಬರೀ 7,872. ಇನ್ನೂರು ವರ್ಷ ಸರ್ಬರ ಧರ್ಮದ ಕೇಂದ್ರ, ವಿದ್ಯೆಯ ಕೇಂದ್ರ ಎಲ್ಲ ಇದೇ ಅಂತೆ. ಹಾಗಿದ್ದ ಊರು ಒಂದು ದೊಡ್ಡ ಹಳ್ಳಿಯಷ್ಟೇ ಉಳಿದದ್ದು ಹೇಗೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಡ್ಯಾನ್ಯೂಬ್‌ದಂಡೆ:
ಕೆಲಸದ ಮೇಲೆ ನೋವಿ ಸಾದ್‌ನಲ್ಲಿ ಇದ್ದೆ, ಕಾರ್ಲೋವ್ಸಿಗೆ ಆಗಾಗ ಹೋಗುತ್ತಿದ್ದೆ. ನನಗೆ ಅನಿಸುವುದು ಇಷ್ಟು. ಆ ಊರು ಬದುಕಿದ್ದು ವ್ಯಾಪಾರದ ಮೇಲಲ್ಲ, ವಿಯೆನ್ನಾದ ಚಕ್ರವರ್ತಿ ಕೊಟ್ಟ ಸನ್ನದಿನ ಮೇಲೆ. ಸನ್ನದು ಇರುವವರೆಗೆ ಊರಿಗೆ ತೂಕ, ಸನ್ನದು ಹೋದ ಮೇಲೆ ಅದೂ ಹೋಯಿತು.

ಶುರುವಿನಿಂದ ಹೇಳುತ್ತೇನೆ. 1690ರಲ್ಲಿ ಆಸ್ಟ್ರಿಯಾ ಸೇನೆ ತುರ್ಕರ ಎದುರು ಹಿಂದೆ ಸರಿಯಿತು. ಆಸ್ಟ್ರಿಯಾದ ಪರ ನಿಂತಿದ್ದ ಸರ್ಬರಿಗೆ ಉಳಿಗಾಲ ಇರಲಿಲ್ಲ. ಪೇಟ್ರಿಯಾರ್ಕ್ ಅಂದರೆ ಚರ್ಚಿನ ಪರಮೋಚ್ಚ ಗುರು, ಆಗ ಮೂರನೇ ಅರ್ಸೇನಿಯೆ ಚಾರ್ನೊಯೆವಿಚ್ ಅಂತ ಇದ್ದರು, ಅವರು ಜನರನ್ನು ಕಟ್ಟಿಕೊಂಡು ಡ್ಯಾನ್ಯೂಬ್, ಸಾವಾ ನದಿಗಳ ಈಚೆಗೆ ಬಂದುಬಿಟ್ಟರು. ಸರ್ಬರು ಇದನ್ನು ಮಹಾ ವಲಸೆ ಅಂತಲೇ ಕರೆಯುತ್ತಾರೆ. ಚಕ್ರವರ್ತಿ ಮೊದಲನೇ ಲಿಯೊಪೋಲ್ಡ್ ಅದೇ ವರ್ಷ ಒಂದು ಸನ್ನದು ಕೊಟ್ಟ. ನಿಮ್ಮ ಧರ್ಮ ನಿಮಗೆ, ನಿಮ್ಮ ಹಳೇ ಪಂಚಾಂಗ ನಿಮಗೆ, ನಿಮ್ಮ ಧರ್ಮಗುರುವನ್ನು ನೀವೇ ಆರಿಸಿಕೊಳ್ಳಿ, ಬದಲಿಗೆ ಗಡಿ ಕಾಯಿರಿ. ಆ ಗುರುಪೀಠ ಮೊದಲು ಕ್ರುಶೆಡೋಲ್ ಮಠದಲ್ಲಿತ್ತು. 1713ರಲ್ಲಿ ಕಾರ್ಲೋವ್ಸಿಗೆ ಬಂತು. 1766ರಲ್ಲಿ ತುರ್ಕರು, ಕೊಸೊವೊದ ಪೇಚ್‌ನಲ್ಲಿ ಅರ್ಸೇನಿಯೆ ಬಿಟ್ಟು ಬಂದಿದ್ದ ಹಳೇ ಪೀಠವನ್ನೇ ಮುಚ್ಚಿಸಿದರು. ಆಮೇಲೆ ಸರ್ಬರಿಗೆ ದೊಡ್ಡ ಪೀಠ ಅಂತ ಉಳಿದದ್ದು ಇದೊಂದೇ.

ಸುಮ್ನೆಕೇಳ್ದೆ:
ಅಂದರೆ ನಮ್ಮ ಕಡೆ ಮಠದ ಊರು ಇರುತ್ತಲ್ಲ, ಆ ಥರ. ಮಠ ದೊಡ್ಡದು, ಊರು ಚಿಕ್ಕದು.

ಡ್ಯಾನ್ಯೂಬ್‌ದಂಡೆ:
ನೋಡೋಕೆ ಹಾಗೇ ಕಾಣುತ್ತದೆ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಸಾಮ್ರಾಜ್ಯದಲ್ಲಿ ಸರ್ಬರಿಗೆ ಬೇರೆ ರಾಜ ಇಲ್ಲ, ಬೇರೆ ನಾಡು ಇಲ್ಲ. ಹಾಗಾಗಿ ಧರ್ಮಗುರುವೇ ಜನರ ಮುಖಂಡ. ಶಾಲೆ ನಡೆಸುವುದು ಅವರು, ವಿಯೆನ್ನಾಕ್ಕೆ ಅಹವಾಲು ಒಯ್ಯುವುದೂ ಅವರೇ. ಗುರುವನ್ನು ಆರಿಸಲು ಕಾರ್ಲೋವ್ಸಿಯಲ್ಲಿ ಸಭೆ ಸೇರುತ್ತಿತ್ತು. ಅದರಲ್ಲಿ 75 ಪ್ರತಿನಿಧಿಗಳು: ಪಾದ್ರಿಗಳು 25, ಗಡಿ ಸೈನಿಕರ ಕಡೆಯಿಂದ 25, ಊರು-ಕೇರಿಯ ಜನರಿಂದ 25. ಹದಿನೆಂಟನೇ ಶತಮಾನದಲ್ಲಿ ಇದು ಸಣ್ಣ ವಿಷಯ ಅಲ್ಲ. ಬರೀ ಪೂಜೆ ಮಾಡಿಸುವ ಪೀಠ ಆಗಿದ್ದರೆ ವಿಯೆನ್ನಾ ಅಷ್ಟು ಹೆದರುತ್ತಲೂ ಇರಲಿಲ್ಲ.

ಲೆಕ್ಕಬರಹ:
ಮಹಾ ವಲಸೆಯ ಅಂಕಿ ಬಗ್ಗೆ ಒಂದು ಮಾತು. 37,000 ಕುಟುಂಬ ಬಂದವು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಒಂದು ಕುಟುಂಬಕ್ಕೆ ಐದು ತಲೆ ಹಿಡಿದರೂ ಎರಡು ಲಕ್ಷ ಹತ್ತಿರ ಆಯಿತು. ಆ ಕಾಲಕ್ಕೆ, ಆ ಚಳಿಗೆ, ಆ ದಾರಿಯಲ್ಲಿ, ಅಷ್ಟು ಜನ ಒಟ್ಟಿಗೆ ನಡೆದು ಬಂದರು ಅಂದರೆ ನಂಬುವುದು ಕಷ್ಟ. ಈಗಿನ ಇತಿಹಾಸಕಾರರಲ್ಲಿ ತುಂಬಾ ಜನ ಇದಕ್ಕಿಂತ ಬಹಳ ಕಡಿಮೆ ಹೇಳುತ್ತಾರೆ. ಕುಟುಂಬವೋ ತಲೆಯೋ ಅನ್ನುವುದರಲ್ಲೇ ಜಗಳ ಇದೆ. ವಲಸೆ ದೊಡ್ಡದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ದಯವಿಟ್ಟು 37,000 ಅನ್ನುವುದನ್ನು ಜನಗಣತಿಯ ಲೆಕ್ಕ ಅನ್ನೋ ಹಾಗೆ ಎಲ್ಲೂ ಹಾಕಬೇಡಿ.

ಗಡಿನಾಡಿಗ:
ಇದೆಲ್ಲ ಕೊನೆಗೆ ಕೊಸೊವೊ ಯಾರದು ಅನ್ನೋದಕ್ಕೇ ಬಂದು ನಿಲ್ಲುತ್ತದೆ. ಆ 1690ರ ವಲಸೆಯಿಂದಲೇ ಅಲ್ವಾ ಅಲ್ಲಿ…

ನಿರ್ವಾಹಕ:
ಕೊಸೊವೊಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಕಾರ್ಲೋವ್ಸಿ ಮಾತ್ರ.

ಮಸಾಲೆಪುರಿ:
ಆ ಒಪ್ಪಂದಕ್ಕೆ ಈ ಊರೇ ಯಾಕೆ? ವಿಯೆನ್ನಾದಲ್ಲೋ ಇಸ್ತಾಂಬುಲ್‌ನಲ್ಲೋ ಮಾಡಿಕೊಳ್ಳಬಹುದಿತ್ತಲ್ಲ.

ನಕ್ಷೆಹುಚ್ಚ:
ಇದನ್ನು ನಾನು ಓದಿದ್ದೇನೆ, ಹೇಳುತ್ತೇನೆ. 1697ರಲ್ಲಿ ಸೆಂತಾ ಹತ್ತಿರ, ಟಿಸಾ ನದಿ ದಾಟುತ್ತಿದ್ದ ತುರ್ಕರ ಸೇನೆಯನ್ನು ಆಸ್ಟ್ರಿಯಾದ ಸೇನಾಪತಿ ಸವಾಯ್‌ನ ಯೂಜೀನ್ ಹಿಡಿದು ನುಚ್ಚುನೂರು ಮಾಡಿದ. ಆಮೇಲೆ ತುರ್ಕರಿಗೂ ಯುದ್ಧ ಸಾಕಾಗಿತ್ತು, ಆಸ್ಟ್ರಿಯಾಗೂ ಪಶ್ಚಿಮದ ಕಡೆ ಬೇರೆ ತಲೆನೋವು ಇತ್ತು. ಮಾತುಕತೆಗೆ ಎರಡೂ ಸೇನೆಗಳ ನಡುವಿನ ಜಾಗ ಬೇಕು. ಕಾರ್ಲೋವ್ಸಿ ಸಿಕ್ಕಿತು. ಯುದ್ಧದಲ್ಲಿ ಹಾಳಾಗಿದ್ದ ಊರು, ಹೊರಗೆ ಡೇರೆಗಳು, ಮಾತುಕತೆಗೆ ಮರದ ಕಟ್ಟಡ, ಜೊತೆಗೆ ಡ್ಯಾನ್ಯೂಬ್ ದಂಡೆಯ ಚಳಿಗಾಲ. 1698ರ ನವೆಂಬರ್‌ನಲ್ಲಿ ಶುರುವಾಗಿ 1699ರ ಜನವರಿ 26ಕ್ಕೆ ಸಹಿ ಬಿತ್ತು. ಒಂದು ಕಡೆ ತುರ್ಕರು, ಇನ್ನೊಂದು ಕಡೆ ಆಸ್ಟ್ರಿಯಾ, ಪೋಲೆಂಡ್, ವೆನಿಸ್. ರಷ್ಯಾ ಕೂಡ ಇತ್ತು, ಆದರೆ ಎರಡು ವರ್ಷದ ಕದನವಿರಾಮ ಮಾತ್ರ ಮಾಡಿಕೊಂಡು ಹೋಯಿತು. ಮಧ್ಯಸ್ಥಿಕೆ ಇಂಗ್ಲೆಂಡ್ ಮತ್ತು ಡಚ್ಚರದು.

ತಮಾಷೆ ಏನು ಅಂದರೆ ಯಾರು ಮೊದಲು ಒಳಗೆ ಹೋಗಬೇಕು ಅನ್ನುವುದೇ ದೊಡ್ಡ ರಗಳೆ. ಮೊದಲು ಹೋದವನು ದೊಡ್ಡವನು ಅಲ್ವಾ! ಅದಕ್ಕೆ ನಾಲ್ಕು ಬಾಗಿಲು, ನಾಲ್ಕು ಕಡೆಯವರೂ ಒಂದೇ ಹೊತ್ತಿಗೆ ಒಳಗೆ. ಕೂರುವುದಕ್ಕೆ ದುಂಡು ಮೇಜು, ತಲೆಯ ಕಡೆ ಅಂತ ಯಾವುದೂ ಇಲ್ಲ. ದುಂಡು ಮೇಜಿನ ಮಾತುಕತೆ ಶುರುವಾಗಿದ್ದೇ ನಮ್ಮ ಊರಿನಲ್ಲಿ ಅಂತ ಅಲ್ಲಿಯವರು ಹೇಳಿಕೊಳ್ಳುತ್ತಾರೆ.

ಡ್ಯಾನ್ಯೂಬ್‌ದಂಡೆ:
ಆ ಜಾಗದಲ್ಲಿ ಈಗ ಒಂದು ಕ್ಯಾಥೊಲಿಕ್ ಪ್ರಾರ್ಥನಾಮಂದಿರ ಇದೆ, ಶಾಂತಿಯ ಮಾತೆಯ ಹೆಸರಿನದು, 1817ರದ್ದು. ಊರಿನ ಪಕ್ಕದ ದಿಬ್ಬದ ಮೇಲೆ. ದುಂಡಗೆ, ಮೇಲುಗಡೆ ಡೇರೆಯ ಹಾಗೆ ಇಳಿಜಾರು, ಅದಕ್ಕೂ ನಾಲ್ಕು ಬಾಗಿಲು. ತುರ್ಕರು ಬಂದ ಬಾಗಿಲನ್ನು, ಅವರು ಮತ್ತೆ ಈ ಕಡೆ ಬರದೇ ಇರಲಿ ಅಂತ ಗೋಡೆ ಹಾಕಿ ಮುಚ್ಚಿದ್ದಾರೆ ಅಂತ ಗೈಡುಗಳು ಹೇಳುತ್ತಾರೆ. ಕಿಟಕಿಯ ಕಂಬಿಗಳನ್ನು ತೋರಿಸಿ, ನೋಡಿ ಇದು ಇಂಗ್ಲೆಂಡಿನ ಬಾವುಟ ಅನ್ನುತ್ತಾರೆ. ಎಷ್ಟು ನಿಜವೋ ಎಷ್ಟು ಗೈಡುಗಳ ಮಸಾಲೆಯೋ. ಒಪ್ಪಂದ ಆಗಿ ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ಕಟ್ಟಿದ್ದರಲ್ಲಿ ತುರ್ಕರು ಯಾವ ಬಾಗಿಲಲ್ಲಿ ಬಂದಿರಬೇಕು ನೀವೇ ಹೇಳಿ.

ಕಲಾವತಿ_ಓದು:
ಶಾಲೆಯ ವಿಷಯ ಯಾರೂ ಎತ್ತಲಿಲ್ಲ. 1791ರಲ್ಲಿ ಅಲ್ಲಿ ಜಿಮ್ನೇಸಿಯಂ ಶುರುವಾಯಿತು. ಕಸರತ್ತಿನ ಜಾಗ ಅಲ್ಲ, ಪ್ರೌಢಶಾಲೆ. ಸರ್ಬರ ಅತಿ ಹಳೆಯ ಪ್ರೌಢಶಾಲೆ ಅಂದರೆ ಇದೇ ಅಂತ ಎಣಿಸುತ್ತಾರೆ. ಊರಿನ ವರ್ತಕ ದಿಮಿತ್ರಿಯೆ ಅನಸ್ತಾಸಿಯೆವಿಚ್ ಸಾಬೊವ್ ದೊಡ್ಡ ದುಡ್ಡು ಕೊಟ್ಟ, ಆಗಿನ ಮೆಟ್ರೊಪಾಲಿಟನ್, ಅಂದರೆ ಪೀಠದ ಗುರು, ಸ್ತೆಫಾನ್ ಸ್ತ್ರಾತಿಮಿರೊವಿಚ್ ಮುಂದೆ ನಿಂತು ಮಾಡಿಸಿದರು. 1794ರಲ್ಲಿ ಪಾದ್ರಿಗಳ ಶಾಲೆಯೂ ಬಂತು. ಈ ಸ್ತ್ರಾತಿಮಿರೊವಿಚ್ 1790ರಿಂದ 1836ರವರೆಗೆ ಪೀಠದಲ್ಲಿ ಕೂತವರು. ನಲವತ್ತಾರು ವರ್ಷ!

ಅದಕ್ಕಿಂತ ಮಜಾ ಇನ್ನೊಂದು ಇದೆ. ವೂಕ್ ಕರಾಜಿಚ್ ಅಂತ ಇದ್ದರಲ್ಲ, ಸರ್ಬಿಯನ್ ಭಾಷೆಯನ್ನು ಜನ ಮಾತಾಡುವ ಹಾಗೆ ಬರೆಯಬೇಕು ಅಂತ ಲಿಪಿಯನ್ನೇ ತಿದ್ದಿದವರು, ಅವರು ಹುಡುಗನಾಗಿದ್ದಾಗ ಈ ಶಾಲೆಗೆ ಸೇರಲು ಬಂದಿದ್ದರು. ವಯಸ್ಸು ಜಾಸ್ತಿ ಆಯಿತು ಅಂತ ಸೇರಿಸಿಕೊಳ್ಳಲಿಲ್ಲ. ಮುಂದೆ ಅವರ ಸುಧಾರಣೆಗೆ ಗಟ್ಟಿಯಾಗಿ ಅಡ್ಡ ನಿಂತವರು ಇದೇ ಸ್ತ್ರಾತಿಮಿರೊವಿಚ್. ಚರ್ಚಿನ ಹಳೇ ಭಾಷೆ ಕೈಬಿಟ್ಟರೆ ಸಾಮ್ರಾಜ್ಯದಲ್ಲಿ ತಮ್ಮ ಜನರ ಗುರುತೇ ಹೋಗುತ್ತದೆ ಅನ್ನುವ ಭಯ ಅವರಿಗೆ. ಹಟ ಅಂತ ಬೈಯುವುದು ಸುಲಭ, ಆದರೆ ಡ್ಯಾನ್ಯೂಬ್‌ದಂಡೆ ಅವರು ಹೇಳಿದ ಸನ್ನದು ನಿಂತಿದ್ದೇ ಚರ್ಚಿನ ಮೇಲೆ ಅಲ್ವಾ. ಆ ಜಾಗದಲ್ಲಿ ಕೂತವರು ಇನ್ನೇನು ಮಾಡುತ್ತಿದ್ದರು?

ಸುಮ್ನೆಕೇಳ್ದೆ:
ಸರಿ, ಶಾಲೆ ಇದೆ, ಪೀಠ ಇದೆ, ನದಿ ಇದೆ, ದುಡ್ಡಿನ ವರ್ತಕರೂ ಇದ್ದಾರೆ. ಆಮೇಲೂ ಊರು ಬೆಳೆಯಲಿಲ್ಲ ಅಂದರೆ ನೋವಿ ಸಾದ್ ನುಂಗಿ ಹಾಕಿತು ಅನ್ನಿ. ಪಕ್ಕದಲ್ಲಿ ದೊಡ್ಡ ನಗರ ಇದ್ದರೆ ಅಷ್ಟೇ ಕತೆ.

ಲೆಕ್ಕಬರಹ:
ಅಷ್ಟು ಸಲೀಸಾಗಿ ಹೇಳೋಕೆ ಆಗಲ್ಲ ಗುರುಗಳೇ. ನೋವಿ ಸಾದ್ ಮೊದಲಿಂದ ದೊಡ್ಡ ನಗರ ಏನಲ್ಲ. ಅದು ಶುರುವಾಗಿದ್ದೇ 1694ರಲ್ಲಿ. ಎದುರು ದಂಡೆಯ ಪೆಟ್ರೊವಾರಾದಿನ್ ಕೋಟೆಯಲ್ಲಿ ಆರ್ಥೊಡಾಕ್ಸ್ ಸರ್ಬರು ನೆಲೆಸುವ ಹಾಗಿರಲಿಲ್ಲ, ಅದಕ್ಕೆ ಈಚೆ ದಂಡೆಯಲ್ಲಿ ವರ್ತಕರು, ಕಸುಬಿನವರು ಸೇರಿಕೊಂಡರು. 1748ರಲ್ಲಿ ಆ ಊರಿನವರು ದೊಡ್ಡ ಮೊತ್ತ ಕಟ್ಟಿ, ಮರಿಯಾ ತೆರೇಸಾ ಕೈಯಿಂದ ಸ್ವತಂತ್ರ ನಗರ ಅನ್ನುವ ಪಟ್ಟ ತೆಗೆದುಕೊಂಡರು. ಅಂದರೆ ಅವರೂ ಸನ್ನದಿನವರೇ, ಆದರೆ ಅವರದು ವ್ಯಾಪಾರದ ಸನ್ನದು. ತೆರಿಗೆ, ಸಂತೆ, ಆಡಳಿತ ಅವರ ಕೈಗೆ ಬಂತು. ಕಾರ್ಲೋವ್ಸಿ ಆಗ ಸೈನಿಕ ಗಡಿಪ್ರದೇಶದ ಭಾಗ. ಅಲ್ಲಿ ಮೇಲಿನ ಮಾತು ಸೇನೆಯದು.

ಇನ್ನೊಂದು ಅಂಕಿ ಕೇಳಿ. 1849ರ ಜೂನ್‌ನಲ್ಲಿ, ಹಂಗೇರಿಯ ಕ್ರಾಂತಿಯ ಗಲಾಟೆಯಲ್ಲಿ, ಪೆಟ್ರೊವಾರಾದಿನ್ ಕೋಟೆಯಲ್ಲಿದ್ದ ಹಂಗೇರಿಯನ್ ಪಡೆ ನೋವಿ ಸಾದ್ ಮೇಲೆ ಫಿರಂಗಿ ಹಾರಿಸಿತು. ಊರಿನ ಬಹುಭಾಗ ಸುಟ್ಟು ಹೋಯಿತು. 1843ರಲ್ಲಿ 17 ಸಾವಿರ ಚಿಲ್ಲರೆ ಇದ್ದ ಜನ 1850ಕ್ಕೆ 7,182. ಇವತ್ತಿನ ಕಾರ್ಲೋವ್ಸಿಗಿಂತ ಕಡಿಮೆ! ಆವತ್ತಿಗೆ ಯಾರಾದರೂ ಬಾಜಿ ಕಟ್ಟಿದ್ದರೆ ಕಾರ್ಲೋವ್ಸಿ ಮೇಲೇ ಕಟ್ಟುತ್ತಿದ್ದರು. ಹಾಗಿದ್ದೂ ನೋವಿ ಸಾದ್ ಮತ್ತೆ ಎದ್ದಿತು. ಹಾಗಾಗಿ ಪಕ್ಕದ ನಗರ ನುಂಗಿತು ಅನ್ನುವುದು ಉತ್ತರ ಆಗುವುದಿಲ್ಲ. ನುಂಗುವಷ್ಟು ಅದು ಬೆಳೆದದ್ದು ಹೇಗೆ ಅನ್ನುವುದೇ ಪ್ರಶ್ನೆ.

ಡ್ಯಾನ್ಯೂಬ್‌ದಂಡೆ:
ಲೆಕ್ಕಬರಹ ಅವರು ಸರಿಯಾದ ಜಾಗಕ್ಕೇ ಬಂದರು. ಅದೇ 1848-49ರಲ್ಲಿ ಕಾರ್ಲೋವ್ಸಿಗೂ ಒಂದು ಅವಕಾಶ ಇತ್ತು. 1848ರ ಮೇ ತಿಂಗಳಲ್ಲಿ ಸರ್ಬರ ದೊಡ್ಡ ಸಭೆ ಅಲ್ಲೇ ಸೇರಿತು. ಸರ್ಬಿಯನ್ ವೊಯ್ವೊದಿನಾ ಅಂತ ಒಂದು ಸ್ವಾಯತ್ತ ನಾಡನ್ನು ಘೋಷಿಸಿದರು. ಮೆಟ್ರೊಪಾಲಿಟನ್ ಯೋಸಿಫ್ ರಾಯಾಚಿಚ್‌ರನ್ನು ಪೇಟ್ರಿಯಾರ್ಕ್ ಅಂತ ಕೂಗಿದರು, ಸ್ತೆವಾನ್ ಶುಪ್ಲಿಕಾತ್ಸ್‌ರನ್ನು ಆ ನಾಡಿನ ಮುಖ್ಯಸ್ಥ ಅಂತ ಆರಿಸಿದರು. ಒಂದು ತಿಂಗಳಿಗೆಲ್ಲ, ಜೂನ್ 12ರಂದು, ಪೆಟ್ರೊವಾರಾದಿನ್ ಕಡೆಯಿಂದ ಹಂಗೇರಿಯ ಪರವಾಗಿ ಸೈನ್ಯ ಬಂದು ಊರಿನ ಮೇಲೆ ಬಿತ್ತು. ಯುದ್ಧ ಶುರುವಾಗಿದ್ದೇ ಅಲ್ಲಿಂದ. ಕೊನೆಗೆ ವಿಯೆನ್ನಾ ಗೆದ್ದಿತು. ತಮ್ಮ ಪರ ಹೋರಾಡಿದ ಸರ್ಬರಿಗೆ 1849ರ ಕೊನೆಗೆ ಒಂದು ಪ್ರಾಂತ ಮಾಡಿಕೊಟ್ಟಿತು. ರಾಜಧಾನಿ ಎಲ್ಲಿ? ತೆಮೆಶ್ವಾರ್, ಅಂದರೆ ಈಗ ರೊಮೇನಿಯಾದಲ್ಲಿರುವ ತಿಮಿಶೋವಾರಾ! ಕಾರ್ಲೋವ್ಸಿ ಅಲ್ಲ. ಆ ಪ್ರಾಂತವನ್ನೂ 1860ರಲ್ಲಿ ರದ್ದು ಮಾಡಿದರು.

ಆಮೇಲೆ ಸರ್ಬರಲ್ಲೇ ಕಾಲ ಬದಲಾಯಿತು. ಪಾದ್ರಿಗಳ ಬದಲು ವಕೀಲರು, ಪತ್ರಿಕೆಯವರು, ವರ್ತಕರು ಮುಂದೆ ಬಂದರು. 1861ರಲ್ಲಿ ಸರ್ಬಿಯನ್ ರಾಷ್ಟ್ರೀಯ ರಂಗಭೂಮಿ ಶುರುವಾಗಿದ್ದು ನೋವಿ ಸಾದ್‌ನಲ್ಲಿ. ಪೆಶ್ಟ್‌ನಲ್ಲಿ (ಈಗಿನ ಬುಡಾಪೆಸ್ಟ್) ಇದ್ದ ಮಾತಿತ್ಸಾ ಸ್ರ್ಪ್ಸ್ಕಾ, ಅಂದರೆ ಅವರ ಸಾಹಿತ್ಯ ಪರಿಷತ್ತು ಅನ್ನಿ, 1864ರಲ್ಲಿ ಬಂದದ್ದೂ ನೋವಿ ಸಾದ್‌ಗೇ. ಪೀಠದ ನೆರಳು ಯಾರಿಗೂ ಬೇಕಿರಲಿಲ್ಲ ಅಂತ ನನ್ನ ಅನಿಸಿಕೆ. ರೈಲು ಬಂತು, ಅದು ಕಾರ್ಲೋವ್ಸಿ ಮೂಲಕವೇ ಹಾದು ಹೋಗುತ್ತದೆ, ಅಂದರೆ ರೈಲು ತಪ್ಪಿ ಊರು ಹಾಳಾಯಿತು ಅನ್ನುವ ನೆಪವೂ ಇಲ್ಲ. ಊರಿನಲ್ಲಿ ಆಗ ಇದ್ದದ್ದು ದ್ರಾಕ್ಷಿ, ಶಾಲೆ, ಪೀಠ. ಆ ಕಾಲದಲ್ಲೇ ಬೇರು ತಿನ್ನುವ ಫಿಲೊಕ್ಸೆರಾ ಕೀಟ ಫ್ರೂಶ್ಕಾ ಗೋರಾ ಗುಡ್ಡದ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತು.

ನಕ್ಷೆಹುಚ್ಚ:
ಆದರೆ ಈಗ ಫೋಟೋಗಳಲ್ಲಿ ಕಾಣುವ ದೊಡ್ಡ ಕಟ್ಟಡಗಳೆಲ್ಲ ಆ ಕಾಲದವೇ ಅಲ್ವಾ? ಪೇಟ್ರಿಯಾರ್ಕ್ ಅರಮನೆ 1892-95ರದ್ದು. ಊರು ಕುಗ್ಗುವ ಹೊತ್ತಿಗೆ ಅರಮನೆ ಕಟ್ಟುತ್ತಾ ಕೂತಿದ್ದರು!

ಡ್ಯಾನ್ಯೂಬ್‌ದಂಡೆ:
ಹೌದು, ಅದೇ ವಿಚಿತ್ರ. ಜಿಮ್ನೇಸಿಯಂನ ಈಗಿನ ಕಟ್ಟಡವೂ 1891ರದ್ದು. ಇಪ್ಪತ್ತು ವರ್ಷಕ್ಕೆ ಎಲ್ಲ ಮುಗಿಯಿತು. 1912ರಲ್ಲಿ ಸರ್ಬರ ಚರ್ಚಿನ ಸ್ವಾಯತ್ತತೆಯನ್ನೇ ಹಂಗೇರಿ ಸರ್ಕಾರ ರದ್ದು ಮಾಡಿತು. 1913ರಲ್ಲಿ ಪೇಟ್ರಿಯಾರ್ಕ್ ಲುಕಿಯಾನ್ ಬೊಗ್ದಾನೊವಿಚ್ ಆಸ್ಟ್ರಿಯಾದ ಬಾದ್ ಗಾಸ್ಟೈನ್‌ಗೆ ಹೋದವರು ಕಾಣೆಯಾದರು. ವಾರಗಳಾದ ಮೇಲೆ ಹೆಣ ಸಿಕ್ಕಿತು. ಅವರ ಜಾಗಕ್ಕೆ ಮತ್ತೆ ಯಾರನ್ನೂ ಆರಿಸಲಿಲ್ಲ. 1918ರಲ್ಲಿ ಸಾಮ್ರಾಜ್ಯ ಹೋಯಿತು. 1920ರಲ್ಲಿ ಸರ್ಬಿಯನ್ ಚರ್ಚೆಲ್ಲ ಒಂದಾಗಿ ಪೀಠ ಬೆಲ್‌ಗ್ರೇಡ್ ಕಡೆಗೆ ಹೋಯಿತು. ಸರ್ಬರು ಯಾವುದಕ್ಕೋಸ್ಕರ ಇಷ್ಟು ವರ್ಷ ಕಾದರೋ ಆ ಒಗ್ಗಟ್ಟು ಬಂದ ದಿನವೇ ಕಾರ್ಲೋವ್ಸಿಯ ಕೆಲಸ ಮುಗಿಯಿತು. ಪೇಟ್ರಿಯಾರ್ಕರ ಬಿರುದಿನಲ್ಲಿ ಇವತ್ತಿಗೂ ‘ಬೆಲ್‌ಗ್ರೇಡ್ ಮತ್ತು ಕಾರ್ಲೋವ್ಸಿಯ ಮೆಟ್ರೊಪಾಲಿಟನ್’ ಅಂತ ಸೇರಿಸುತ್ತಾರೆ. ಬಿರುದಿನಲ್ಲಿ ಊರು ಇದೆ, ಅಷ್ಟೇ.

ಹಳೇರೇಡಿಯೋ:
ಮುಗಿಯಿತು ಅನ್ನಬೇಡಿ, ಇನ್ನೊಂದು ಅಂಕ ಇದೆ. ರಷ್ಯಾದ ಅಂತರ್ಯುದ್ಧದಲ್ಲಿ ಸೋತ ‘ಬಿಳಿಯರು’, ಅಂದರೆ ಬೋಲ್ಶೆವಿಕರ ವಿರೋಧಿಗಳು, ಬಂದು ಇಳಿದದ್ದು ಯುಗೊಸ್ಲಾವಿಯಾದಲ್ಲಿ. ಖಾಲಿಯಾಗಿದ್ದ ಕಾರ್ಲೋವ್ಸಿಗೆ ರಷ್ಯಾದ ಬಿಷಪ್‌ಗಳು ಬಂದರು, 1921ರಲ್ಲಿ ಅಲ್ಲೇ ಮಹಾಸಭೆ ಮಾಡಿದರು. ದೇಶದ ಹೊರಗಿನ ರಷ್ಯನ್ ಚರ್ಚಿನ ಆಡಳಿತ ವರ್ಷಗಟ್ಟಲೆ ಅಲ್ಲಿಂದಲೇ ನಡೆಯಿತು. ಸೋವಿಯತ್ ಕಡೆಯವರು ಅವರನ್ನು ‘ಕಾರ್ಲೋವ್ಸಿಯವರು’ ಅಂತಲೇ ಹಂಗಿಸುತ್ತಿದ್ದರು. ಬಿಳಿ ಸೇನೆಯ ಕೊನೆಯ ದಂಡನಾಯಕ ಬ್ಯಾರನ್ ವ್ರಾಂಗೆಲ್ ಕೂಡ ಅಲ್ಲೇ ಮನೆ ಮಾಡಿದ್ದ. 1924ರಲ್ಲಿ ಹಳೇ ಸೈನಿಕರ ಒಕ್ಕೂಟ ಕಟ್ಟಿದ್ದೂ ಅಲ್ಲೇ. 2007ರಲ್ಲಿ ಅವನ ಪ್ರತಿಮೆ ನಿಲ್ಲಿಸಿದ್ದಾರೆ. ಸೋತು ಬಂದವರಿಗೆ ಎರಡು ಸಲ ಜಾಗ ಕೊಟ್ಟ ಊರು, 1690ರಲ್ಲಿ ಒಮ್ಮೆ, 1920ರ ದಶಕದಲ್ಲಿ ಒಮ್ಮೆ.

ಲೆಕ್ಕಬರಹ:
ಎರಡಲ್ಲ, ಮೂರು. 1990ರ ದಶಕ ಬಿಟ್ಟಿರಿ. 1991ರಲ್ಲಿ ಊರಿನ ಜನ ಏಳೂವರೆ ಸಾವಿರದ ಆಸುಪಾಸು, 2002ರಲ್ಲಿ 8,839. ಅದೇನು ಮಕ್ಕಳು ಹುಟ್ಟಿ ಏರಿದ್ದಲ್ಲ. ಕ್ರೊಯೇಷಿಯಾ, ಬೋಸ್ನಿಯಾ ಯುದ್ಧಗಳಿಂದ ಓಡಿ ಬಂದ ಸರ್ಬರು, ಈಗ ಉತ್ತರ ಸರ್ಬಿಯಾದ ಪ್ರಾಂತವಾಗಿರುವ ವೊಯ್ವೊದಿನಾದ ಊರೂರಲ್ಲಿ ನೆಲೆಸಿದರು, ಇಲ್ಲಿಯೂ. ಅದಾದ ಮೇಲೆ 2011ಕ್ಕೆ 8,750, 2022ಕ್ಕೆ 7,872. ಹನ್ನೊಂದು ವರ್ಷದಲ್ಲಿ ನೂರಕ್ಕೆ ಹತ್ತು ಜನ ಕಡಿಮೆ. ಇಡೀ ಸರ್ಬಿಯಾ ಇದೇ ಅವಧಿಯಲ್ಲಿ 71.87 ಲಕ್ಷದಿಂದ 66.47 ಲಕ್ಷಕ್ಕೆ ಇಳಿಯಿತು, ಅಂದರೆ ನೂರಕ್ಕೆ ಏಳೂವರೆ. (ಕೊಸೊವೊ ಇದರಲ್ಲಿಲ್ಲ. 2011ರಲ್ಲಿ ದಕ್ಷಿಣದ ಪ್ರೆಶೆವೊ ಕಡೆಯ ಅಲ್ಬೇನಿಯನ್ನರು ಗಣತಿಗೆ ಬಹಿಷ್ಕಾರ ಹಾಕಿದ್ದರು, 2022ರಲ್ಲಿ ಸೇರಿದರು. ಹಾಗಾಗಿ ನಿಜವಾದ ಇಳಿಕೆ ಇನ್ನೂ ಜಾಸ್ತಿ.) ಅದೇ ಹೊತ್ತಿಗೆ ನೋವಿ ಸಾದ್ ನಗರಾಡಳಿತದ ಜನ 3.41 ಲಕ್ಷದಿಂದ 3.68 ಲಕ್ಷಕ್ಕೆ ಏರಿತು. ಈಗ ಬೇಕಾದರೆ ‘ನುಂಗಿತು’ ಅನ್ನಿ, ನಾನು ತಕರಾರು ಮಾಡಲ್ಲ.

ಮಸಾಲೆಪುರಿ:
ಸ್ಥಳೀಯಾಡಳಿತ ಬೇರೆನಾ? ನೋವಿ ಸಾದ್‌ಗೆ ಸೇರಿಸಿಬಿಟ್ಟರೆ ಆಗಲ್ವಾ?

ಲೆಕ್ಕಬರಹ:
ಬೇರೆಯೇ. ಇಡೀ ಪುರಸಭೆಯಲ್ಲಿ ಇರುವುದು ಈ ಒಂದೇ ಊರು, ಸುತ್ತ ಹಳ್ಳಿ ಸಹ ಇಲ್ಲ. ಹಿಂದೆ ಒಮ್ಮೆ ನೋವಿ ಸಾದ್ ಜೊತೆ ಸೇರಿಸಿದ್ದರು, ಆಮೇಲೆ ಬಿಡಿಸಿಕೊಂಡರು. ಆ ಹೆಸರಿಗೆ ಇರುವ ಅಭಿಮಾನ ನೋಡಿದರೆ ಮತ್ತೆ ಸೇರುವುದು ಕಾಣೆ.

ಕಲಾವತಿ_ಓದು:
ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಆ ಹೆಸರೂ ಉಳಿದಿರಲಿಲ್ಲ ನೋಡಿ. 1941ರಿಂದ 44ರವರೆಗೆ ಈ ಊರಿರುವ ಸ್ರೆಮ್ ಪ್ರದೇಶವೆಲ್ಲ ಉಸ್ತಾಶಾಗಳ, ಅಂದರೆ ನಾಜಿಗಳ ಜೊತೆಗಿದ್ದ ಕ್ರೊಯೇಷಿಯನ್ ಉಗ್ರರಾಷ್ಟ್ರವಾದಿಗಳ, ಕ್ರೊಯೇಷಿಯಾಕ್ಕೆ ಸೇರಿತ್ತು. ಊರಿಗೆ ‘ಹ್ರ್ವಾತ್ಸ್ಕಿ ಕಾರ್ಲೋವ್ಸಿ’ ಅಂದರೆ ಕ್ರೊಯೇಷಿಯಾದ ಕಾರ್ಲೋವ್ಸಿ ಅಂತ ಹೆಸರಿಟ್ಟರು. ಸರ್ಬರ ಪೀಠದ ಊರಿಗೆ! ಯುದ್ಧ ಮುಗಿದ ಮೇಲೆ ವೊಯ್ವೊದಿನಾದಲ್ಲಿ ತಲೆಮಾರುಗಳಿಂದ ಇದ್ದ ಜರ್ಮನ್ನರು ಬಹುತೇಕ ಇಲ್ಲವಾದರು. ಈ ಪ್ರಾಂತದ ಯಾವ ಊರಿನ ಜನಸಂಖ್ಯೆಯನ್ನು ನೋಡುವಾಗಲೂ, ಎಷ್ಟು ಜನ ಅನ್ನುವುದರ ಜೊತೆ ಅವರೇ ಜನವಾ ಅಂತಲೂ ಕೇಳಬೇಕು. ಅಂಕಿ ಒಂದೇ ಇರುತ್ತದೆ, ಮನೆಯಲ್ಲಿರುವವರು ಬೇರೆ ಆಗಿರುತ್ತಾರೆ.

ಸುಮ್ನೆಕೇಳ್ದೆ:
ಈಗ ಅಲ್ಲಿ ಜನ ಜೀವನಕ್ಕೆ ಏನು ಮಾಡುತ್ತಾರೆ?

ಡ್ಯಾನ್ಯೂಬ್‌ದಂಡೆ:
ತುಂಬಾ ಜನ ಬೆಳಿಗ್ಗೆ ನೋವಿ ಸಾದ್‌ಗೆ ಹೋಗಿ ಸಂಜೆ ವಾಪಸ್ ಬರುತ್ತಾರೆ, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಶನಿವಾರ ಭಾನುವಾರ ದಿಕ್ಕು ತಿರುಗುತ್ತದೆ, ನೋವಿ ಸಾದ್ ಮತ್ತು ಬೆಲ್‌ಗ್ರೇಡ್‌ನವರೆಲ್ಲ ಇಲ್ಲಿಗೆ. ಚೌಕದಲ್ಲಿ 1799ರ ನಾಲ್ಕು ಸಿಂಹಗಳ ಕಾರಂಜಿ ಇದೆ, ಕೆಂಪು ಅಮೃತಶಿಲೆ, ಸಿಂಹಗಳ ಬಾಯಿಂದ ನೀರು. ಊರಿಗೆ ನಲ್ಲಿ ನೀರು ಬಂದ ನೆನಪಿಗೆ ಕಟ್ಟಿದ್ದು. ಆ ನೀರು ಕುಡಿದವರು ಕಾರ್ಲೋವ್ಸಿಯಲ್ಲೇ ಮದುವೆ ಆಗುತ್ತಾರಂತೆ. ಒಬ್ಬ ಅಜ್ಜ ನನಗೆ ಇದನ್ನು ಹೇಳಿ, ನಾನು ಆಗಲೇ ಕುಡಿದಾಗಿತ್ತು ಅಂದಾಗ, ಹುಡುಗಿಯರೆಲ್ಲ ನೋವಿ ಸಾದ್‌ಗೆ ಹೋಗಿದ್ದಾರೆ, ಭಯ ಬೇಡ ಅಂದ.

ಆಮೇಲೆ ಬೆರ್ಮೆಟ್. ಗಿಡಮೂಲಿಕೆ, ಮಸಾಲೆ ಹಾಕಿ ನೆನೆಸಿದ ಸಿಹಿ ವೈನ್. ಮನೆ ಮನೆಗೂ ಒಂದೊಂದು ಪಾಕ, ಯಾರೂ ಪೂರ್ತಿ ಹೇಳಲ್ಲ. ಟೈಟಾನಿಕ್ ಹಡಗಿನಲ್ಲೂ ಇದೇ ಇತ್ತು ಅಂತ ಎಲ್ಲ ಅಂಗಡಿಯವರೂ ಹೇಳುತ್ತಾರೆ, ಕೇಳಿಸಿಕೊಳ್ಳಿ, ಸಾಕು. ಅದರ ಜೊತೆ ಕುಗ್ಲೋಫ್ ಅಂತ ನಡುವೆ ತೂತಿರುವ ಕೇಕು. ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ಲಿನ ಹಬ್ಬ, ಆವತ್ತು ಕಾಲಿಡಲು ಜಾಗ ಇರಲ್ಲ. ಜಿಮ್ನೇಸಿಯಂ ಈಗಲೂ ನಡೆಯುತ್ತಿದೆ, ಭಾಷೆಗಳನ್ನು ಕಲಿಸುವ ಶಾಲೆ, ಬೇರೆ ಊರುಗಳಿಂದಲೂ ಮಕ್ಕಳು ಬರುತ್ತಾರೆ. ಪಾದ್ರಿಗಳ ಶಾಲೆಯೂ ಇದೆ. ಊರಿನ ವಯಸ್ಸು ಬೀದಿಯಲ್ಲಿ ಗೊತ್ತಾಗುವುದೇ ಇಲ್ಲ, ರಜೆ ಬಂದಾಗ ಗೊತ್ತಾಗುತ್ತದೆ.

ನಕ್ಷೆಹುಚ್ಚ:
ಹೋಗಿ ನೋಡಲೇಬೇಕು ಅನಿಸುತ್ತಿದೆ. ವೀಸಾ ಬೇಡ ಅಂತ ಎಲ್ಲೋ ಓದಿದ್ದೆ.

ಡ್ಯಾನ್ಯೂಬ್‌ದಂಡೆ:
ಅದು ಹಳೇ ಮಾತು. 2017ರಿಂದ 2022ರ ಕೊನೆವರೆಗೆ ಭಾರತದ ಪಾಸ್‌ಪೋರ್ಟಿಗೆ ಬೇಕಿರಲಿಲ್ಲ, 2023ರ ಜನವರಿಯಿಂದ ಬೇಕು. ಹೊರಡುವ ಮೊದಲು ಈಗಿನ ನಿಯಮ ನೋಡಿಕೊಳ್ಳಿ. ಬೆಲ್‌ಗ್ರೇಡ್-ನೋವಿ ಸಾದ್ ವೇಗದ ರೈಲು 2022ರ ಮಾರ್ಚ್‌ನಲ್ಲಿ ಶುರುವಾಗಿದೆ, ಆ ದಾರಿ ಕಾರ್ಲೋವ್ಸಿ ಮೇಲೇ ಹೋಗುತ್ತದೆ. ಆದರೆ ಅಲ್ಲಿ ನಿಲ್ಲುವುದು ನಿಧಾನದ ಗಾಡಿ, ಟಿಕೆಟ್ ತೆಗೆಯುವಾಗ ಕೇಳಿಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಹೋದರೆ ಕೊಯ್ಲಿನ ಹೊತ್ತು ಸಿಗಬಹುದು, ಕೋಣೆ ಮಾತ್ರ ನೋವಿ ಸಾದ್‌ನಲ್ಲೇ ಹಿಡಿಯಿರಿ.